ನಿದ್ದೆ ಕೆಡಿಸದ ಗ್ಯಾರೇಜ್ ಬಾಗಿಲು: ಕೆಲಸ ಎಲ್ಲಿಗೆ ಬಂತು

ಮಾರ್ಚ್

ಕಾಸರಗೋಡಿನ ನೀರ್ಚಾಲಿನ ಕಡೆ ಕಾರಿಗೆ ಬಾಗಿಲು ಹಾಕುವ ಮನೆ ಕಮ್ಮಿ. ಎದುರಿಗೊಂದು ಪೋರ್ಚ್, ಅದರಡಿ ಕಾರು, ಅಷ್ಟೇ. ನಮ್ಮಲ್ಲಿ ಕಾರಿನ ಪಕ್ಕದಲ್ಲೇ ಚಾಲಿ ಅಡಿಕೆಯ ಗೋಣಿಗಳೂ ಇರುತ್ತವೆ. ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೆ ಕೊಡುವ ತನಕ ಬೀಗದ ಒಳಗೇ ಇರಬೇಕು. ಹಾಗಾಗಿ ಮನೆ ಕಟ್ಟಿಸುವಾಗಲೇ ಅಪ್ಪ ಅಂಗಡಿಗೆ ಹಾಕುವಂಥ ರೋಲಿಂಗ್ ಶಟರ್ ಹಾಕಿಸಿದ್ದರು.

ಶೆಡ್ಡಿನ ಮೇಲೆ ಒಂದು ಕೋಣೆ. ಅಲ್ಲಿ ಅಮ್ಮ ಮತ್ತು ನಮ್ಮ ಮಗಳು ಮಲಗುತ್ತಾರೆ. ನನ್ನ ಹೆಂಡತಿ ಮಂಗಳೂರಿನಲ್ಲಿ ನರ್ಸ್. ಸಂಜೆ ಶಿಫ್ಟ್ ಇದ್ದರೆ ಮನೆ ಸೇರುವಾಗ ರಾತ್ರಿ ಹನ್ನೊಂದು ದಾಟುತ್ತದೆ. ಆಟದ ಸೀಸನ್ನಿನಲ್ಲಿ ಅಪ್ಪ ಯಕ್ಷಗಾನ ನೋಡಿ ಬೆಳಗಿನ ಜಾವ ಬರುತ್ತಾರೆ. ಶಟರ್ ಎತ್ತಿದರೆ ಮೇಲಿದ್ದವರಿಗೆಲ್ಲ ಎಚ್ಚರ. ಎಷ್ಟೋ ರಾತ್ರಿ ಹೆಂಡತಿ ಕಾರನ್ನು ಅಂಗಳದಲ್ಲೇ ಬಿಟ್ಟು ಸುಮ್ನೆ ಒಳಗೆ ಬಂದದ್ದಿದೆ. ಅಂಗಳದಲ್ಲಿ ಬಿಟ್ಟರೆ ಇಲಿ ವೈರು ಕಡಿಯುತ್ತದೆ.

ಬಾಗಿಲು ಹುಡುಕುವ ಮೊದಲು ಸದ್ದು ಎಲ್ಲಿಂದ ಬರುತ್ತದೆ ಅಂತ ನೋಡೋಣ ಅನ್ನಿಸಿತು. ಮೇಲಿನ ಕೋಣೆಯಲ್ಲಿ ಅಮ್ಮನ ಹಳೆಯ ಕಬ್ಬಿಣದ ಕಪಾಟು ಇದೆ. ಅದರ ಹಿಡಿಕೆ ಸ್ವಲ್ಪ ಸಡಿಲ. ಕೆಳಗೆ ಅಪ್ಪ ಶಟರ್ ಎತ್ತಿದರು, ನಾನು ಮೇಲೆ ನಿಂತೆ. ಪಟ್ಟಿಗಳ ಗಡಗಡ ಸದ್ದು ಕಿಟಕಿಯಿಂದ ಬಂತು. ಕಿಟಕಿ ಮುಚ್ಚಿದಾಗ ಅದು ತುಂಬಾ ಕಮ್ಮಿಯಾಯಿತು. ಆದರೆ ಕಪಾಟಿನ ಹಿಡಿಕೆ ಟಕಟಕ ಅನ್ನುವುದು ನಿಲ್ಲಲಿಲ್ಲ. ಬೀಮಿನ ಕೆಳಗೆ ಗೋಡೆಗೆ ಅಂಗೈ ಇಟ್ಟರೆ ನಡುಕ ಕೈಗೆ ಗೊತ್ತಾಗುತ್ತಿತ್ತು.

ಅಂದರೆ ಸದ್ದಿಗೆ ಎರಡು ದಾರಿ. ಒಂದು ಗಾಳಿಯಲ್ಲಿ, ಇನ್ನೊಂದು ಗೋಡೆಯಲ್ಲಿ. ಶಟರಿನ ಡ್ರಮ್ಮನ್ನು ಹೊತ್ತ ಬ್ರಾಕೆಟ್ ನೇರ ಬೀಮಿಗೆ ಬೋಲ್ಟ್ ಆಗಿದೆ. ಪಕ್ಕದ ಚಾನೆಲ್‌ಗಳು ಮುರಕಲ್ಲಿನ ಗೋಡೆಗೆ ಬಿಗಿದಿವೆ. ನಿದ್ದೆ ಕೆಡಿಸುವುದು ಜಾಸ್ತಿ ಈ ಎರಡನೇ ದಾರಿ. ಇಲ್ಲಿಂದ ಮುಂದೆ ಯಾವ ಬಾಗಿಲು ನೋಡಿದರೂ ನನ್ನ ಮೊದಲ ಪ್ರಶ್ನೆ ಒಂದೇ: ಇದು ಮನೆಯನ್ನು ಎಲ್ಲೆಲ್ಲಿ ಮುಟ್ಟುತ್ತದೆ?

ಏಪ್ರಿಲ್, ವಿಷುವಿನ ಆಚೀಚೆ

ಮೊದಲು ಯೋಚಿಸಿದ್ದು ಹೆಬ್ಬಲಸಿನ ಎರಡು ಕದ. ಸದ್ದಿನ ಲೆಕ್ಕದಲ್ಲಿ ಇದನ್ನು ಮೀರಿಸುವ ಬಾಗಿಲಿಲ್ಲ. ಉರುಳುವ ಭಾಗವೇ ಇಲ್ಲ, ಬಿಜಾಗರಿಗೆ ಎಣ್ಣೆ ಬಿಟ್ಟರೆ ಮುಗಿಯಿತು. ಆದರೆ ನಮ್ಮ ಅಂಗಳ ಶೆಡ್ಡಿನ ಎದುರಿಗೆ ಏರಿಕೊಂಡು ಹೋಗುತ್ತದೆ. ಕದ ಹೊರಗೆ ತೆರೆದರೆ ಅರ್ಧದಲ್ಲೇ ನೆಲಕ್ಕೆ ತಾಗುತ್ತದೆ. ಒಳಗೆ ತೆರೆಯಲು ಜಾಗ ಇಲ್ಲ. ಅಂಗಳ ಸಮತಟ್ಟಾಗಿದ್ದು, ಮಳೆಗಾಲದ ಗಾಳಿಗೆ ಕದ ಬಡಿಯದ ಹಾಗೆ ಕೊಕ್ಕೆ ಹಾಕುವ ಅಭ್ಯಾಸ ಇರುವವರು ಇದನ್ನೇ ಮಾಡಿಸಿ. ಬೇರೆ ಏನೂ ಹುಡುಕುವುದು ಬೇಡ.

ಇದ್ದ ಶಟರಿಗೇ ಮೋಟಾರು ಹಾಕಿಸಿ ಅಂತ ಭಾವ ಹೇಳಿದರು. ಮೋಟಾರು ಬಂದರೆ ಎಳೆಯುವ ವೇಗ ಒಂದೇ ಸಮ ಆಗುತ್ತದೆ, ನಿಜ. ಪಟ್ಟಿಗಳು ಅವೇ, ಚಾನೆಲ್ ಅದೇ, ಡ್ರಮ್ ಬೀಮಿನಲ್ಲೇ. ಒಳಗೆ ಫೋಮ್ ತುಂಬಿದ ಅಲ್ಯೂಮಿನಿಯಂ ಪಟ್ಟಿಯ ಶಟರ್ ಸಿಗುತ್ತದೆ, ಅದರ ಸದ್ದು ಬಹಳ ಕಮ್ಮಿ. ಆದರೂ ಇಡೀ ಪರದೆ ಸುತ್ತಿಕೊಳ್ಳುವುದು ಅಮ್ಮನ ಮಂಚದ ಕೆಳಗೇ.

ಕೊನೆಗೆ ಮನಸ್ಸು ನಿಂತದ್ದು ಸೆಕ್ಷನಲ್ ಬಾಗಿಲಿನ ಮೇಲೆ. ನಾಲ್ಕೈದು ಅಡ್ಡ ಪ್ಯಾನೆಲ್, ನಡುವೆ ಹಿಂಜ್, ಎರಡು ಬದಿಗೆ ಚಕ್ರ. ಚಕ್ರಗಳು ಹಳಿಯಲ್ಲಿ ಓಡಿ ಬಾಗಿಲು ಸೀಲಿಂಗಿನ ಕೆಳಗೆ ಹೋಗಿ ಮಲಗುತ್ತದೆ. ಭಾರ ಹೊರುವುದು ಮೋಟಾರು ಅಲ್ಲ, ಬಾಗಿಲಿನ ಮೇಲೆ ಅಡ್ಡಕ್ಕೆ ಕೂತಿರುವ ತಿರುಚಿದ ಸ್ಪ್ರಿಂಗು. ಹಾಗಾಗಿ ಚಿಕ್ಕ ಮೋಟಾರು ಸಾಕು.

ಮಂಗಳೂರಿನ ಒಂದು ಶೋರೂಮಿಗೆ ಹೋದಾಗ ಅಲ್ಲಿನವರು ಮೋಟಾರಿನ ಡೆಸಿಬೆಲ್ ಬಗ್ಗೆ ಮಾತ್ರ ಮಾತಾಡಿದರು. ಹತ್ತು ಡೆಸಿಬೆಲ್ ಇಳಿದರೆ ಕಿವಿಗೆ ಹೆಚ್ಚುಕಮ್ಮಿ ಅರ್ಧದಷ್ಟು ಅನ್ನಿಸುತ್ತದೆ, ಅದು ಸರಿ. ಆದರೆ ಎಷ್ಟು ದೂರದಿಂದ ಅಳೆದದ್ದು, ಬಾಗಿಲು ಜೋಡಿಸಿ ಅಳೆದದ್ದಾ, ಬರೀ ಮೋಟಾರಾ ಅಂತ ಕೇಳದೆ ಆ ಅಂಕಿಯಿಂದ ಪ್ರಯೋಜನ ಇಲ್ಲ.

ನಾನು ಚಕ್ರ ತೋರಿಸಿ ಅಂದೆ. ಎರಡು ತಂದುಕೊಟ್ಟರು. ಒಂದು ಪೂರ್ತಿ ಸ್ಟೀಲಿನದ್ದು. ಬೆರಳಲ್ಲಿ ತಿರುಗಿಸಿದರೆ ಒಳಗಿನ ಗುಂಡುಗಳು ಕರಕರ ಅನ್ನುತ್ತಿದ್ದವು, ಕಡ್ಡಿ ಹಿಡಿದು ಅಲ್ಲಾಡಿಸಿದರೆ ಚಕ್ರ ಓಲಾಡುತ್ತಿತ್ತು. ಇನ್ನೊಂದು ನೈಲಾನಿನದ್ದು, ಬೇರಿಂಗಿಗೆ ಮುಚ್ಚಳ ಇತ್ತು. ತಿರುಗಿಸಿದೆ. ಸದ್ದೇ ಇಲ್ಲ, ಓಲಾಟವೂ ಇಲ್ಲ. ಬೆಲೆಯಲ್ಲಿ ಮೋಟಾರಿನ ಎದುರು ಇದು ಏನೂ ಅಲ್ಲ, ಸದ್ದಿನಲ್ಲಿ ಮಾತ್ರ ಭಾರೀ ವ್ಯತ್ಯಾಸ. ಈಗಾಗಲೇ ಸೆಕ್ಷನಲ್ ಬಾಗಿಲು ಇರುವವರು ಮೊದಲು ಚಕ್ರ ಬದಲಿಸಿ ನೋಡಬಹುದು. ತೀರಾ ಕೆಳಗಿನ ಎರಡು ಚಕ್ರ ಇರುವ ಬ್ರಾಕೆಟ್ಟಿಗೆ ಮಾತ್ರ ಕೈ ಹಾಕಬೇಡಿ. ಸ್ಪ್ರಿಂಗಿನ ಎಳೆತ ಇಡೀ ತಂತಿಯ ಮೂಲಕ ಅಲ್ಲೇ ಇರುತ್ತದೆ. ಬಿಚ್ಚಿದರೆ ಕೈಯೇ ಹೋದೀತು. ಅದು ಕೆಲಸ ಬಲ್ಲವರಿಗೇ ಬಿಡಬೇಕಾದ್ದು.

ಎಳೆಯುವುದಕ್ಕೆ ಚೈನ್ ಬೇಡ, ಬೆಲ್ಟ್ ಅಂದೆ. ಚೈನ್ ಹಲ್ಲಿನ ಮೇಲೆ ಹತ್ತಿ ಇಳಿಯುವ ಪ್ರತಿ ಸಲವೂ ಒಂದೊಂದು ಚಿಕ್ಕ ಪೆಟ್ಟು ಸ್ಲ್ಯಾಬಿಗೆ ಹೋಗುತ್ತದೆ. ಬೆಲ್ಟಿನಲ್ಲಿ ಅದಿಲ್ಲ. ಮೋಟಾರು ಡಿಸಿಯದ್ದು. ಶುರುವಿಗೂ ಕೊನೆಗೂ ನಿಧಾನ ಆಗುತ್ತದೆ. ನಮ್ಮ ಹಳೆಯ ಶಟರಿನಲ್ಲಿ ಮಗಳು ಬೆಚ್ಚಿ ಏಳುತ್ತಿದ್ದದ್ದು ನೆಲಕ್ಕೆ ಬಡಿಯುವ ಆ ಕೊನೆಯ ಸದ್ದಿಗೆ. ಹಾಗಾಗಿ ನನಗೆ ಇದು ತುಂಬಾ ಮುಖ್ಯ.

ಪ್ಯಾನೆಲ್ 40 ಮಿಲಿಮೀಟರ್ ದಪ್ಪದ್ದು, ಎರಡು ತಗಡಿನ ನಡುವೆ ಪಾಲಿಯುರೆಥೇನ್ ಫೋಮ್. ಈ ಫೋಮ್ ಹೊರಗಿನ ಸದ್ದನ್ನು ತಡೆಯುವುದು ಅಷ್ಟಕ್ಕಷ್ಟೇ, ಅದಕ್ಕೆ ಭಾರ ಬೇಕು. ಆದರೆ ತಗಡು ತಾನೇ ಕಂಪಿಸದ ಹಾಗೆ ಹಿಡಿದಿಡುತ್ತದೆ. ನಮಗೆ ಬೇಕಾದ್ದು ಅದೇ ಅಲ್ವಾ?

ಮೇ, ಪತ್ತನಾಜೆಯ ಒಳಗೆ ಮುಗಿಸುವ ಅವಸರ

ಮೇ ಕೊನೆಯ ಪತ್ತನಾಜೆ ಕಳೆದರೆ ಮಳೆಗಾಲ. ಮಳೆ ಹಿಡಿದರೆ ಗೋಡೆ ಕೆಲಸ ಆಗುವುದಿಲ್ಲ. ಮುರಕಲ್ಲು ಮೆದು, ತುಂಬಾ ತೂತು. ನೇರ ಅದಕ್ಕೆ ಆಂಕರ್ ಬೋಲ್ಟ್ ಹೊಡೆದರೆ ವರ್ಷದೊಳಗೆ ಸಡಿಲಾಗುತ್ತದೆ. ಸಡಿಲ ಬೋಲ್ಟ್ ಅಂದರೆ ಮತ್ತೆ ಸದ್ದು. ಅದಕ್ಕೆ ಬೋಲ್ಟ್ ಬರುವ ಜಾಗದಲ್ಲೆಲ್ಲ ಮೇಸ್ತ್ರಿ ಕಲ್ಲು ಕೆತ್ತಿ ತೆಗೆದು ಕಾಂಕ್ರೀಟ್ ತುಂಬಿಸಿದರು. ಅದು ಗಟ್ಟಿಯಾಗಲು ಬಿಟ್ಟ ಮೇಲೆಯೇ ಹಳಿ ಬಂತು.

ಇನ್ನು ರಬ್ಬರ್. ಹಳಿಯನ್ನು ಸೀಲಿಂಗಿಗೆ ತೂಗುಹಾಕುವ ಆಂಗಲ್, ಮೋಟಾರಿನ ಬ್ರಾಕೆಟ್, ಪಕ್ಕದ ಹಳಿ, ಎಲ್ಲ ಕಡೆ ಕಬ್ಬಿಣಕ್ಕೂ ಕಾಂಕ್ರೀಟಿಗೂ ನಡುವೆ ರಬ್ಬರ್ ಪ್ಯಾಡ್ ಬೇಕು ಅಂದೆ. ಜೋಡಿಸಲು ಬಂದವರು ನಕ್ಕರು. "ಭಟ್ರೇ, ಬಾಗಿಲಿಗೆ ಇಷ್ಟು ರಬ್ಬರಾ?" ಅಂತ ಕೇಳಿದರು. ಆದರೆ ಕೆಲಸ ಚೆನ್ನಾಗಿ ಮಾಡಿಕೊಟ್ಟರು. ಒಂದು ವಿಷಯ ಇಲ್ಲಿ ಗಮನಿಸಬೇಕು. ಬರೀ ಪ್ಯಾಡ್ ಇಟ್ಟು ಅದರ ನಡುವೆ ಬೋಲ್ಟ್ ತೂರಿಸಿದರೆ ಕಂಪನ ಬೋಲ್ಟಿನ ಮೂಲಕವೇ ದಾಟಿ ಹೋಗುತ್ತದೆ. ಬೋಲ್ಟ್ ಹಾಯುವ ತೂತಿಗೆ ರಬ್ಬರ್ ಬುಷ್, ನಟ್ಟಿನ ಕಡೆ ಇನ್ನೊಂದು ರಬ್ಬರ್ ವಾಷರ್ ಇರಬೇಕು. ಕಬ್ಬಿಣ ಕಬ್ಬಿಣವನ್ನು ಎಲ್ಲೂ ಮುಟ್ಟಬಾರದು. ಅತಿಯಾಗಿ ಬಿಗಿದರೂ ಕೆಡುತ್ತದೆ, ಚಪ್ಪಟೆಯಾದ ರಬ್ಬರ್ ಕಲ್ಲಿಗೆ ಸಮ.

ನಮ್ಮ ಬೀಮು ತಗ್ಗು. ಮಾಮೂಲಿ ಹಳಿಗೆ ಬಾಗಿಲಿನ ಮೇಲೆ ಒಂದಡಿಗಿಂತ ಜಾಸ್ತಿ ಜಾಗ ಬೇಕು. ಅದಿಲ್ಲದ್ದರಿಂದ ಕಮ್ಮಿ ಜಾಗದಲ್ಲೂ ಕೂರುವ ಜೋಡಿ ಹಳಿಯದ್ದು ತರಿಸಿದೆವು.

ಸ್ಪ್ರಿಂಗು ಸಾಮಾನ್ಯವಾಗಿ 10,000 ಸಲ ತೆರೆದು ಮುಚ್ಚುವ ಲೆಕ್ಕಕ್ಕೆ ಮಾಡಿರುತ್ತಾರೆ. ದಿನಕ್ಕೆ ನಾಲ್ಕು ಸಲ ಹಿಡಿದರೆ ಏಳು ವರ್ಷಕ್ಕೆ ಹತ್ತಿರ. ನಾವು ಇನ್ನೂ ಜಾಸ್ತಿ ಬಾಳುವುದನ್ನು ಕೇಳಿ, ಸತುವಿನ ಲೇಪ ಇರುವುದನ್ನೇ ಹಾಕಿಸಿದೆವು. ಕಡಲು ಇಲ್ಲಿಂದ ದೂರವೇ, ಆದರೆ ನಮ್ಮ ಮಳೆಗಾಲಕ್ಕೆ ತುಕ್ಕು ಹಿಡಿಸಲು ಉಪ್ಪುಗಾಳಿ ಬೇಕಾಗಿಲ್ಲ.

ಮಗಳಿಗಿನ್ನೂ ಸಣ್ಣ ಪ್ರಾಯ. ಹಾಗಾಗಿ ಕಣ್ಣಿನ ಸೆನ್ಸರ್ ಬೇಕೇಬೇಕು ಅಂತ ಹಠ ಹಿಡಿದೆ. ನೆಲದಿಂದ 15 ಸೆಂಟಿಮೀಟರ್ ಒಳಗೆ ಎರಡು ಬದಿಗೆ ಕೂರಿಸಬೇಕು. ನಡುವೆ ಮಗುವೋ ಬೆಕ್ಕೋ ಬಂದರೆ ಇಳಿಯುತ್ತಿರುವ ಬಾಗಿಲು ವಾಪಸ್ ಏರುತ್ತದೆ. ಅಮೆರಿಕದಲ್ಲಿ ಮನೆಯ ಗ್ಯಾರೇಜ್ ಮೋಟಾರುಗಳಿಗೆ ಇಂಥ ರಕ್ಷಣೆ 1993ರಿಂದ ಕಡ್ಡಾಯ. ನಮ್ಮಲ್ಲಿ ಕೆಲವರು ಇದನ್ನು ಬೇಕಾದರೆ ಹಾಕುವ ಸಾಮಾನು ಅನ್ನುವ ಹಾಗೆ ಮಾರುತ್ತಾರೆ. ಅದು ಬಹಳ ತಪ್ಪು. ಸದ್ದಿಲ್ಲದ ಬಾಗಿಲಿಗಂತೂ ಇದು ಇನ್ನೂ ಅಗತ್ಯ. ಇಳಿಯುವುದು ಮಗುವಿಗೆ ಕೇಳುವುದೇ ಇಲ್ಲ.

ಜೂನ್

ಮಳೆ ಬಂತು, ಬಾಗಿಲು ಕೂರಿಸುವ ಕೆಲಸವೂ ಮುಗಿಯಿತು. ಕಪಾಟಿನ ಪರೀಕ್ಷೆ ಮತ್ತೆ ಮಾಡಿದೆವು. ಹಿಡಿಕೆ ಅಲುಗಲಿಲ್ಲ. ಗೋಡೆಗೆ ಕೈ ಇಟ್ಟರೆ ತುಂಬಾ ಸಣ್ಣ ಗುಂಯ್ ಅನ್ನುವುದು ಗೊತ್ತಾಗುತ್ತದೆ, ಅಷ್ಟೇ. ಶೆಡ್ಡಿನ ಒಳಗೆ ನಿಂತವರಿಗೆ ಮೋಟಾರಿನ ಸದ್ದು ಕೇಳುತ್ತದೆ. ಅದು ಇರಲಿ. ಹೆಂಡತಿ ರಾತ್ರಿ ಬಂದು ಕಾರನ್ನು ಒಳಗೇ ಇಟ್ಟಳು. ಬೆಳಿಗ್ಗೆ ಅಮ್ಮ ನನ್ನ ಹತ್ತಿರ "ಅವಳು ನಿನ್ನೆ ಬರಲಿಲ್ಲವಾ?" ಅಂತ ಕೇಳಿದರು. ಇಷ್ಟು ತಿಂಗಳ ಓಡಾಟಕ್ಕೆ ಅದಕ್ಕಿಂತ ದೊಡ್ಡ ಸಂತೋಷ ನನಗೆ ಬೇಕಿರಲಿಲ್ಲ.

ಮರ ಬಿದ್ದು ಕರೆಂಟ್ ಹೋದ ರಾತ್ರಿ ಬ್ಯಾಟರಿಯಲ್ಲಿ ಬಾಗಿಲು ತೆರೆಯಿತು. ಬ್ಯಾಟರಿಯೂ ಮುಗಿದರೆ, ಬಾಗಿಲನ್ನು ಮೋಟಾರಿನಿಂದ ಬಿಡಿಸುವ ಕೆಂಪು ಹಗ್ಗ ಎಳೆದು ಕೈಯಲ್ಲಿ ಎತ್ತಬಹುದು. ಮನೆಯವರೆಲ್ಲರಿಗೂ ಅದನ್ನು ಎಳೆದು ತೋರಿಸಿದ್ದೇನೆ. ಅದೇ ಹಗ್ಗದಲ್ಲಿ ಇನ್ನೊಂದು ಪರೀಕ್ಷೆ ಇದೆ. ಬಾಗಿಲು ಮುಚ್ಚಿರುವಾಗ ಹಗ್ಗ ಎಳೆದು, ಅರ್ಧ ಎತ್ತಿ ನಿಧಾನ ಕೈ ಬಿಡಬೇಕು. ಅಲ್ಲೇ ನಿಂತರೆ ಸ್ಪ್ರಿಂಗು ಸರಿಯಾಗಿದೆ. ಇಳಿದರೆ ಅಥವಾ ಏರಿದರೆ ಕರೆಸಿ ಸರಿ ಮಾಡಿಸಬೇಕು. ಇಲ್ಲದಿದ್ದರೆ ಮೋಟಾರು ಒದ್ದಾಡುತ್ತದೆ, ಸದ್ದೂ ವಾಪಸ್ ಬರುತ್ತದೆ. ನಮ್ಮದು ನಿಂತಿತು.

ಎಣ್ಣೆಯ ವಿಷಯ: ಹಿಂಜ್, ಬೇರಿಂಗ್, ಸ್ಪ್ರಿಂಗಿಗೆ ಸಿಲಿಕೋನ್ ಸ್ಪ್ರೇ ಸಾಕು. ಹಳಿಗೆ ಗ್ರೀಸ್ ಬಳಿಯಬೇಡಿ. ಧೂಳು ಅಂಟಿ ಚಕ್ರ ಕೂಡ ಹಾಳು. ಹಳಿಯನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಆಯಿತು.

ಆಟಿ ತಿಂಗಳು (ಜುಲೈ–ಆಗಸ್ಟ್)

ಬಾಗಿಲಿನ ಅಂಚಿಗೆಲ್ಲ ರಬ್ಬರ್ ಬಂದ ಮೇಲೆ ಅಪ್ಪನಿಗೆ ಹೊಸ ಚಿಂತೆ. ಗಾಳಿ ಆಡದಿದ್ದರೆ ಉಳಿದ ಗೋಣಿಗಳಲ್ಲಿ ಅಡಿಕೆಗೆ ಬೂಷ್ಟು ಹಿಡಿಯುತ್ತದೆ ಅಂದರು. ಅವರು ಹೇಳುವುದು ಸರಿ. ಕಾರಿನ ಹೊಗೆಯ ದೃಷ್ಟಿಯಿಂದಲೂ ಶೆಡ್ಡು ಪೂರ್ತಿ ಮುಚ್ಚಿರಬಾರದು. ಹಿಂದಿನ ಗೋಡೆಯಲ್ಲಿ, ತೋಟದ ಕಡೆಗೆ, ಮೇಲೊಂದು ಕೆಳಗೊಂದು ಜಾಲರಿಯ ಕಿಂಡಿ ಬಿಡಿಸಿದೆವು. ಆ ಕಡೆ ಯಾರೂ ಮಲಗುವುದಿಲ್ಲ. ಗೋಣಿಗಳನ್ನು ಮರದ ಹಲಗೆಯ ಮೇಲೆ ಏರಿಸಿದೆವು.

ಬಾಕಿ ಇರುವುದು ಎರಡು ಕೆಲಸ. ನೆಲ ಎಡಕ್ಕೆ ಸ್ವಲ್ಪ ಇಳಿದಿರುವುದರಿಂದ ಆ ಮೂಲೆಯಲ್ಲಿ ಬಾಗಿಲಿನ ರಬ್ಬರ್ ನೆಲ ಮುಟ್ಟುವುದಿಲ್ಲ, ಜೋರು ಮಳೆಗೆ ನೀರು ಬರುತ್ತದೆ. ನೆಲಕ್ಕೆ ಅಂಟಿಸುವ ರಬ್ಬರ್ ಪಟ್ಟಿ ತರಿಸಿದ್ದೇನೆ. ನೆಲ ಒಣಗಿದರಷ್ಟೇ ಅಂಟು ಹಿಡಿಯುವುದು, ಅದಕ್ಕೆ ಮಳೆ ಬಿಡುವುದನ್ನು ಕಾಯುತ್ತಿದ್ದೇನೆ. ಇನ್ನೊಂದು, ಮೋಟಾರಿನ ಲೈನಿಗೆ ಸರ್ಜ್ ಪ್ರೊಟೆಕ್ಟರ್. ಅಕ್ಟೋಬರಿನ ಸಿಡಿಲು ಶುರುವಾಗುವ ಮೊದಲು ಅದು ಆಗಲೇಬೇಕು. ಎಲೆಕ್ಟ್ರಿಷಿಯನ್ ಓಣಂ ಕಳೆದು ಬರುತ್ತೇನೆ ಅಂದಿದ್ದಾರೆ.