ತಾತನ ಕೈಯಲ್ಲಿ ಹಳದಿ ಕಪ್ಪೆ

"ತಾತಾ, ಬಿಸಾಕು ಅದನ್ನ! ಸತ್ತೋಗ್ತೀಯ!"

ಭಾನುವಾರದಿಂದ ನನ್ನ ಕಿವಿಯಲ್ಲಿ ಈ ಕೂಗು ಹಾಗೇ ಕೂತಿದೆ. ಕೂಗಿದ್ದು ಏಳು ವರ್ಷದ ನನ್ನ ಮಗಳು. ಮೊಣಕಾಲವರೆಗೆ ಕೆಸರು, ಎರಡೂ ಕೈ ಕಿವಿಯ ಮೇಲೆ. ಎದುರಿಗೆ ನಮ್ಮಪ್ಪ, ಪಂಚೆ ಮೇಲೆತ್ತಿ ಕಟ್ಟಿಕೊಂಡು, ಬೊಗಸೆಯಲ್ಲಿ ಒಂದು ಕಪ್ಪೆ ಹಿಡಿದುಕೊಂಡು ನಿಂತಿದ್ದರು. ಸಣ್ಣ ಪುಟ್ಟ ಕಪ್ಪೆಯಲ್ಲ. ಬೊಗಸೆ ತುಂಬಿ ಕಾಲು ಆಚೆ ಜೋತಾಡುತ್ತಿತ್ತು. ಮೈಯೆಲ್ಲಾ ನಿಂಬೆಹಣ್ಣಿನ ಹಳದಿ. ಗಂಟಲಿನ ಎರಡೂ ಪಕ್ಕ ಶಾಯಿ ಚೆಲ್ಲಿದ ಹಾಗೆ ನೀಲಿ.

ಅಪ್ಪ ನಕ್ಕರು. ಅದೇ ತಪ್ಪಾಗಿದ್ದು. "ಯಾಕವ್ವಾ ಹಿಂಗ್ ಕಿರುಚ್ತೀಯ? ಗೋಂಕರು ಕಪ್ಪೆ ಕಣವ್ವಾ" ಅಂತ ಇನ್ನೂ ಹತ್ತಿರ ಹಿಡಿದರು. ಅವಳು ಹಿಂದೆ ಹಿಂದೆ ಹೋಗಿ ಬದುವಿನ ಮೇಲೆ ದೊಪ್ಪನೆ ಕೂತು ಅಳೋಕೆ ಶುರು ಮಾಡಿದಳು. ತನಗೇನೋ ಆಗುತ್ತೆ ಅಂತ ಅಲ್ಲ. ತಾತನಿಗೆ ಏನೋ ಆಗುತ್ತೆ ಅಂತ. ಇದು ನನಗೆ ಗೊತ್ತಾಗಿದ್ದು ಒಂದೈದು ನಿಮಿಷ ಆದ ಮೇಲೆ. ಅವಳು ತಾತನ ಪಂಚೆ ಹಿಡಿದು ಪಂಪ್‌ಸೆಟ್ ತೊಟ್ಟಿಯ ಹತ್ತಿರ ಎಳೆದುಕೊಂಡು ಹೋಗಿ, ಅಲ್ಲಿದ್ದ ಬಟ್ಟೆ ಸೋಪಿನಲ್ಲಿ ಕೈ ತಿಕ್ಕಿಸುತ್ತಿದ್ದಳು. ಒಂದು ಸಲ, ಎರಡು ಸಲ, ಮೂರು ಸಲ. ಪ್ರತಿ ಸಲ ಕೇಳುತ್ತಿದ್ದಳು, "ತಲೆ ಸುತ್ತುತ್ತಾ ತಾತ?"

ಎಪ್ಪತ್ತೆರಡು ವರ್ಷದ ಮನುಷ್ಯ, ಹೆಂಡತಿ ಮಾತಿಗೂ ಮೂರು ಸಲ ಕೈ ತೊಳೆದವರಲ್ಲ. ಅವತ್ತು ಬಾಯಿ ಮುಚ್ಚಿಕೊಂಡು ತೊಳೆದರು.

ನನ್ನ ತಮ್ಮ ಇದನ್ನೆಲ್ಲಾ ವಿಡಿಯೋ ಮಾಡಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ. ಅವನು ಒಳ್ಳೆಯವನೇ. ಆದರೆ ಯಾರಾದರೂ ಅತ್ತರೆ ಮೊದಲು ಜೇಬಿಗೆ ಕೈ ಹಾಕಿ ಮೊಬೈಲ್ ತೆಗೆಯುತ್ತಾನೆ. ಸಂಜೆಯೊಳಗೆ ಹದಿನಾಲ್ಕು ಜನ ನಕ್ಕಿದ್ದರು. "ಮೈಸೂರಿನ ಮಕ್ಕಳು ಕಪ್ಪೆಗೂ ಹೆದರ್ತಾವೆ" ಅಂತ ನಮ್ಮ ಅತ್ತಿಗೆಯ ಟಿಪ್ಪಣಿ ಬೇರೆ. ಅವರ ಮಗ ಜಿರಲೆ ಕಂಡರೆ ಮಂಚದಿಂದ ಇಳಿಯಲ್ಲ, ಆ ಮಾತು ಬೇಡ.

ಅವಳು ಕಪ್ಪೆಗೆ ಹೆದರುವವಳಲ್ಲ. ಅವಳು ಹೆದರಿದ್ದು ನಾನು ತಂದುಕೊಟ್ಟ ಪುಸ್ತಕಕ್ಕೆ.

ಹೋದ ವರ್ಷ ಮೈಸೂರಿನಲ್ಲಿ ಒಂದು ಪುಸ್ತಕ ಮೇಳಕ್ಕೆ ಹೋಗಿದ್ದೆ. ಕೆ.ಜಿ. ಲೆಕ್ಕದಲ್ಲಿ ಮಾರುತ್ತಾರಲ್ಲ, ಆ ಥರದ್ದು. ಇಂಗ್ಲೆಂಡು, ಅಮೆರಿಕದಲ್ಲಿ ಮಾರಾಟವಾಗದೆ ಉಳಿದ ಪುಸ್ತಕಗಳು ಹಡಗು ಹತ್ತಿ ಬಂದು ನಮ್ಮಲ್ಲಿ ರಾಶಿ ಬೀಳುತ್ತವೆ. ಪ್ರಾಣಿಗಳ ಬಗ್ಗೆ ಒಂದು ದಪ್ಪ ಪುಸ್ತಕ ಸಿಕ್ಕಿತು. ನುಣುಪು ಕಾಗದ, ಪುಟ ತುಂಬಾ ಫೋಟೋ. ಹುಡುಗ ತಕ್ಕಡಿ ಮೇಲಿಟ್ಟ. ಒಂದು ಕೆ.ಜಿ. ಇನ್ನೂರು ಗ್ರಾಂ. ಈರುಳ್ಳಿ ತಗೊಂಡ ಹಾಗೆ ದುಡ್ಡು ಕೊಟ್ಟು ಬಂದೆ. ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗೋಕಾಗಲ್ಲ ಅಂತಾರೆ. ನಾನು ತೂಗಿಸಿಕೊಂಡೇ ಬಂದೆ.

ಮಗಳಿಗೆ ಆ ಪುಸ್ತಕ ಅಂದರೆ ಪ್ರಾಣ. ಪೆಂಗ್ವಿನ್ ಅಪ್ಪ ಮೊಟ್ಟೆಯನ್ನು ಪಾದದ ಮೇಲಿಟ್ಟುಕೊಂಡು ಕಾವು ಕೊಡುತ್ತೆ ಅಂತ ಅವಳಿಗೆ ಗೊತ್ತು. ಹಿಮಕರಡಿಯ ತುಪ್ಪಳದ ಕೆಳಗಿನ ಚರ್ಮ ಕಪ್ಪು ಅಂತ ಗೊತ್ತು. ಅದರಲ್ಲೇ ಒಂದು ಪುಟದಲ್ಲಿ ಬಂಗಾರದ ಬಣ್ಣದ ವಿಷಕಪ್ಪೆ ಇದೆ. ಕೊಲಂಬಿಯಾ ದೇಶದ ಕಾಡಿನದು. ಎರಡು ಇಂಚಿನ ಮೈ, ಅದರಲ್ಲಿ ಹತ್ತು ಜನರನ್ನು ಕೊಲ್ಲುವಷ್ಟು ವಿಷ ಅಂತ ಕೆಂಪು ಅಕ್ಷರದಲ್ಲಿ ಬರೆದಿದ್ದಾರೆ. ಅಲ್ಲಿಯ ಕಾಡಿನ ಜನ ಬೇಟೆಯ ಊದುಬಾಣದ ಮೊನೆಗೆ ಆ ವಿಷ ಸವರುತ್ತಾರಂತೆ. ಕೆಳಗೆ ಒಂದು ಸಾಲು: ಪ್ರಾಣಿಯ ಮೈಮೇಲೆ ಹೊಳೆಯುವ ಬಣ್ಣ ಕಂಡರೆ ಅದು ಎಚ್ಚರಿಕೆ, ದೂರ ಇರಿ.

ಅವಳು ಓದಿದ್ದನ್ನು ಓದಿದ ಹಾಗೇ ನಂಬಿದ್ದಳು. ಎರಡಿಂಚಿನ ಕಪ್ಪೆಗೇ ಹತ್ತು ಜನ ಸಾಯುವುದಾದರೆ, ತಾತನ ಕೈಯಲ್ಲಿದ್ದ ಗೇಣುದ್ದದ ಹಳದಿ ಕಪ್ಪೆಗೆ ಎಷ್ಟು ಜನ? ಲೆಕ್ಕ ಸರಿಯಾಗೇ ಹಾಕಿದ್ದಾಳೆ. ನಗುವವರು ನಗಲಿ, ಆ ಗದ್ದೆಯಲ್ಲಿ ಅವತ್ತು ಓದಿದ್ದನ್ನು ಬಳಸಿದವಳು ಅವಳೊಬ್ಬಳೇ.

ಈಗ ಅಪ್ಪನ ಕಡೆಯ ವಿಷಯ. ಪಾಂಡವಪುರದ ಕಡೆ ನಮ್ಮೂರು. ಹಿಂದಿನ ದಿನ ಮೃಗಶಿರ ಮಳೆ ಚೆನ್ನಾಗಿ ಹುಯ್ದಿತ್ತು. ನಾಲೆಗೆ ನೀರು ಬಿಟ್ಟಿರಲಿಲ್ಲ, ಆದರೂ ತಗ್ಗಿನ ಗದ್ದೆಯಲ್ಲಿ ಮಳೆ ನೀರು ನಿಂತಿತ್ತು. ಅಲ್ಲಿ ಬೆಳಗಿನಿಂದ ಜಾತ್ರೆ. ಹತ್ತಿಪ್ಪತ್ತು ಹಳದಿ ಕಪ್ಪೆಗಳು ಒಂದರ ಮೇಲೊಂದು ಹಾರಿಕೊಂಡು, ಒದ್ದಾಡಿಕೊಂಡು, ನೀಲಿ ಗಂಟಲು ಉಬ್ಬಿಸಿ ಕೂಗುತ್ತಿದ್ದವು. ಮೊಮ್ಮಗಳಿಗೆ ತೋರಿಸೋಣ ಅಂತ ಅಪ್ಪ ಒಂದನ್ನು ಹಿಡಿದಿದ್ದರು. "ನೋಡವ್ವ, ಮದುವೆ ಹೆಣ್ಣು. ಅರಿಶಿನ ಹಚ್ಕೊಂಡ್ ಬಂದವ್ಳೆ" ಅಂದರು. ಅದಾದ ಮರುಕ್ಷಣವೇ ಆ ಕೂಗು.

ಅತ್ತು ಸುಸ್ತಾದ ಮೇಲೆ ಅವಳು ತಾತನ ಪಕ್ಕ ಕೂತಳು. ಆಗ ಶುರುವಾಯಿತು ನಿಜವಾದ ಮಾತುಕತೆ. ನಾನು ಕಡಲೆಕಾಯಿ ಬಿಡಿಸುತ್ತಾ ಕೇಳುತ್ತಿದ್ದೆ.

"ಚಳಿಗಾಲದಲ್ಲಿ ಕಪ್ಪೆ ನಿದ್ದೆ ಮಾಡುತ್ತೆ ತಾತ."

"ಚಳಿಗಾಲದಲ್ಲಾ? ಇಲ್ಲ ಕಣವ್ವ. ಬೇಸಿಗೇಲಿ ಮಾಡ್ತದೆ."

"ಪುಸ್ತಕದಲ್ಲಿ ಚಳಿಗಾಲ ಅಂತಾನೇ ಇದೆ. ಮೇಲೆ ಹಿಮ ಇರುತ್ತೆ."

"ಆ ಪುಸ್ತಕದೋರು ನಮ್ ಗದ್ದೆಗ್ ಬಂದಿದ್ರಾ ಮಗಾ?"

ಅವಳ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇಲ್ಲ. ಹಿಮ ಬೀಳುವ ಊರಿನ ಕಪ್ಪೆ ಚಳಿಗೆ ಹೆದರಿ ಅಡಗುತ್ತೆ. ನಮ್ಮ ಕಪ್ಪೆಗೆ ಚಳಿಯದ್ದು ಏನು ಭಯ? ಅದಕ್ಕೆ ಮೈ ಒಣಗೋ ಭಯ. ಬೇಸಿಗೆ ಬಂದರೆ ಮಣ್ಣೊಳಗೆ ಹೋಗಿ ಸುಮ್ನೆ ಬಿದ್ದುಕೊಳ್ಳುತ್ತೆ. ಏಪ್ರಿಲ್‌ನಲ್ಲಿ ಬದು ಅಗೆಯುವಾಗ ಗುದ್ದಲಿಯ ಜೊತೆ ಮಣ್ಣುಂಡೆಯ ಹಾಗೆ ಎದ್ದು ಬರುತ್ತವಂತೆ. "ಮಣ್ಣು ಅಂತ ಎತ್ತಿ ಎಸೆದ್ರೆ ಕಣ್ ಬಿಡ್ತದೆ" ಅಂದರು ಅಪ್ಪ. ಆ ಮಾತಿಗೆ ಮಗಳು ಮೊದಲ ಸಲ ನಕ್ಕಳು.

ಇಷ್ಟಕ್ಕೇ ನಿಲ್ಲಿಸಿದರೆ ಅಪ್ಪನೇ ದೊಡ್ಡ ವಿಜ್ಞಾನಿ, ಪುಸ್ತಕ ಬರೀ ಬುರುಡೆ ಅಂತ ಆಗುತ್ತೆ. ಹಾಗಿಲ್ಲ. ಅದೇ ಸಂಜೆ ಬೇಲಿಯ ಮೇಲೆ ತೆಳ್ಳಗಿನ ಒಂದು ಹಸಿರು ಹಾವು ಕಂಡಿತು. ಅಪ್ಪ ಕೋಲು ಹುಡುಕೋಕೆ ಹೋದರು. "ಕಣ್ಣು ಕುಕ್ತದೆ ಅದು, ನೀನ್ ಆ ಕಡೆ ಹೋಗು" ಅಂತ ಅವಳನ್ನು ತಳ್ಳಿದರು. ಅವಳು ಕೋಲು ಹಿಡಿದುಕೊಂಡಳು, ಬಿಡಲೇ ಇಲ್ಲ. ಹಾವು ಯಾರ ಕಣ್ಣನ್ನೂ ಹುಡುಕಿಕೊಂಡು ಬರಲ್ಲ, ಅದಕ್ಕೆ ಹಲ್ಲಿ, ಕಪ್ಪೆ ಸಾಕು ಅಂತ ವಾದ. ಇದೂ ಪುಸ್ತಕದಿಂದಲೇ ಬಂದ ಧೈರ್ಯ. ಹಾವು ಬೇಲಿಯೊಳಗೆ ಜಾರಿಕೊಂಡಿತು. ಅಪ್ಪ ಗೊಣಗಿಕೊಂಡು ಕೋಲು ಎಸೆದರು. ಎಪ್ಪತ್ತು ವರ್ಷದಲ್ಲಿ ಅವರು ಎಷ್ಟು ಹಸಿರು ಹಾವು ಹೊಡೆದಿರಬಹುದು ಅಂತ ನಾನು ಲೆಕ್ಕ ಹಾಕೋಕೆ ಹೋಗಲಿಲ್ಲ.

ರಾತ್ರಿ ಮೈಸೂರಿಗೆ ಬಂದು, ಅವಳು ಮಲಗಿದ ಮೇಲೆ, ಮೊಬೈಲ್ ಹಿಡಿದು ಕೂತೆ. ಹನ್ನೊಂದೂವರೆಯವರೆಗೆ ಕಪ್ಪೆ ಓದಿದೆ. ನಮ್ಮ ಈ ದೊಡ್ಡ ಕಪ್ಪೆ ವರ್ಷವಿಡೀ ಮಣ್ಣಿನ, ಪಾಚಿಯ ಬಣ್ಣದಲ್ಲೇ ಇರುತ್ತೆ. ಮುಂಗಾರಿನ ಮೊದಲ ಜೋರು ಮಳೆಗೆ ಸ್ವಲ್ಪ ದಿನ ಮಾತ್ರ ಹೀಗೆ ಹಳದಿ ಆಗುತ್ತೆ. ಆಮೇಲೆ ಮತ್ತೆ ಪಾಚಿ ಬಣ್ಣ. ಕೊಲಂಬಿಯಾದ ಕಪ್ಪೆಯ ಹಳದಿ "ನನ್ನ ತಂಟೆಗೆ ಬರಬೇಡ" ಅನ್ನುತ್ತೆ. ನಮ್ಮದರ ಹಳದಿ "ಇಲ್ಲಿದ್ದೀನಿ, ನೋಡು" ಅನ್ನುತ್ತೆ. ಬಣ್ಣ ಒಂದೇ, ಹೇಳೋದು ತಿರುಗುಮುರುಗು. ಇನ್ನೊಂದು ವಿಷಯ ಓದಿ ನಗು ಬಂತು. ಆ ವಿಷಕಪ್ಪೆಗೂ ವಿಷ ಹುಟ್ಟಿನಿಂದ ಬಂದಿದ್ದಲ್ಲ, ಕಾಡಿನಲ್ಲಿ ತಿನ್ನುವ ಹುಳುಗಳಿಂದ ಬರೋದು. ಗಾಜಿನ ಪೆಟ್ಟಿಗೆಯಲ್ಲಿ ಬೇರೆ ಊಟ ಹಾಕಿ ಸಾಕಿದರೆ ಅದರಲ್ಲಿ ವಿಷವೇ ಇರಲ್ಲವಂತೆ. ಕೆಂಪು ಅಕ್ಷರದವರು ಇದನ್ನು ಬರೆದಿರಲಿಲ್ಲ. ಬರೆದರೆ ಮಜಾ ಕಡಿಮೆ ಆಗುತ್ತೆ ಅಲ್ವಾ?

ಓದುತ್ತಾ ಓದುತ್ತಾ ನಾಚಿಕೆಯಾಯಿತು. ನಾನು ಹುಟ್ಟಿ ಬೆಳೆದಿದ್ದು ಅದೇ ಗದ್ದೆಯ ಪಕ್ಕ. ಹತ್ತನೇ ತರಗತಿವರೆಗೂ ಅಲ್ಲೇ ಇದ್ದೆ. ಮಳೆ ಬಂದ ರಾತ್ರಿಯ ವಟವಟ ಸದ್ದು ಕಿವಿಯಲ್ಲಿದೆ, ಹಳದಿ ಬಣ್ಣ ಕಣ್ಣಲ್ಲಿಲ್ಲ. ನೋಡಿರಲೇಬೇಕು. ನೋಡದೆ ಇರೋಕೆ ಸಾಧ್ಯವೇ ಇಲ್ಲ. ಪಿಯುಸಿಯಲ್ಲಿ ಒಂದು ಕಪ್ಪೆಯನ್ನು ಮೇಣದ ತಟ್ಟೆಗೆ ಗುಂಡುಪಿನ್ನು ಚುಚ್ಚಿ ಮಲಗಿಸಿ ಹೊಟ್ಟೆ ಕೊಯ್ದಿದ್ದೆ. ಹೃದಯಕ್ಕೆ ಮೂರು ಕೋಣೆ ಅಂತ ಚಿತ್ರ ಬರೆದು ಅಂಕ ತಗೊಂಡೆ. ಒಳಗೆ ಏನೇನಿದೆ ಅಂತ ಕೇಳಿದರು. ಹೊರಗೆ ಯಾವ ಬಣ್ಣ, ಯಾವ ತಿಂಗಳು, ಯಾಕೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಮ್ಮ ದೇಶದಿಂದ ಕಪ್ಪೆ ಕಾಲುಗಳು ಹಡಗು ತುಂಬಾ ಹೊರದೇಶಕ್ಕೆ ಹೋಗುತ್ತಿದ್ದ ಕಾಲ ಒಂದಿತ್ತು. ಯೂರೋಪು, ಅಮೆರಿಕದವರ ತಟ್ಟೆಗೆ. ಕಪ್ಪೆ ಕಡಿಮೆಯಾಗಿ ಹೊಲಗದ್ದೆಯಲ್ಲಿ ಹುಳದ ಕಾಟ ಜಾಸ್ತಿ ಆಗುತ್ತೆ ಅನ್ನುವ ಕೂಗೆದ್ದು, 1987ರಲ್ಲಿ ಸರ್ಕಾರ ಆ ರಫ್ತನ್ನು ನಿಲ್ಲಿಸಿತು. ಕಾಲಿಗಾಗಿ ಹಿಡಿಯುತ್ತಿದ್ದುದರಲ್ಲಿ ಈ ದೊಡ್ಡ ಕಪ್ಪೆಯೂ ಇತ್ತು. ಆಗ ನಮ್ಮ ಕಪ್ಪೆಯ ಕಾಲು ಅಲ್ಲಿಗೆ ಹೋಗುತ್ತಿತ್ತು. ಈಗ ಬೇರೆ ಕಪ್ಪೆಯ ಫೋಟೋ ಅಲ್ಲಿಂದ ಇಲ್ಲಿಗೆ ಬರುತ್ತಿದೆ, ಕೆ.ಜಿ. ಲೆಕ್ಕದಲ್ಲಿ.

ಮಂಗಳವಾರ ಆಫೀಸು ಮುಗಿಸಿ ಎರಡು ಪುಸ್ತಕದಂಗಡಿಗೆ ಹೋದೆ. ಮಕ್ಕಳಿಗೆ ನಮ್ಮ ಕಡೆಯ ಕಪ್ಪೆ, ಹಾವು, ಹಕ್ಕಿ ಬಗ್ಗೆ ಕನ್ನಡದಲ್ಲಿ ಏನಾದರೂ ಇದೆಯಾ ಅಂದೆ. ಮೊದಲನೇ ಅಂಗಡಿಯವರು ಪಂಚತಂತ್ರ ಕೊಟ್ಟರು. ಕಪ್ಪೆ ಇದೆ ಮೇಡಂ ಇದರಲ್ಲಿ, ಅಂದರು. ಇದೆ, ಹಾವನ್ನು ಕುದುರೆ ಮಾಡಿಕೊಂಡು ಸವಾರಿ ಮಾಡುವ ಕಪ್ಪೆ. ಎರಡನೇ ಅಂಗಡಿಯ ಹುಡುಗ ಪಾಪ ಏಣಿ ಹತ್ತಿ ಹುಡುಕಿದ. ಪ್ರಥಮ್ ಬುಕ್ಸ್‌ನ ಎರಡು ತೆಳು ಪುಸ್ತಕ, ನ್ಯಾಷನಲ್ ಬುಕ್ ಟ್ರಸ್ಟ್‌ನ ಒಂದು ಸಿಕ್ಕಿದವು. ಚೆನ್ನಾಗಿವೆ, ತಗೊಂಡೆ. ಮೂರಕ್ಕೂ ಸೇರಿ ಒಂದು ಮಸಾಲೆ ದೋಸೆ, ಕಾಫಿಯ ದುಡ್ಡು. ಆದರೆ ಮೃಗಶಿರ ಮಳೆಗೆ ಹಳದಿಯಾಗುವ ಕಪ್ಪೆ ಅವುಗಳಲ್ಲೂ ಇಲ್ಲ.

ವಸ್ತುವಿಗೇನು ಬರ ಹೇಳಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆ ಹಿತ್ತಲ ಹುಣಸೆ ಮರದಲ್ಲಿ ಹೆಜ್ಜಾರ್ಲೆ ಹಕ್ಕಿ ಗೂಡು ಕಟ್ಟುತ್ತೆ. ಊರಿನವರು ಅದನ್ನು ಬಾಣಂತನಕ್ಕೆ ತವರಿಗೆ ಬಂದ ಮಗಳು ಅನ್ನುತ್ತಾರೆ. ಮರದ ಕೆಳಗೆ ಬೀಳುವ ಹಿಕ್ಕೆ ಹೊಲಕ್ಕೆ ಗೊಬ್ಬರ. ರಂಗನತಿಟ್ಟು ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದಾರಿ. ಪಕ್ಷಿತಜ್ಞ ಸಲೀಂ ಅಲಿ ಬಂದು ನೋಡಿ ಹೇಳಿದ ಮೇಲೆ 1940ರಲ್ಲಿ ಅದು ಪಕ್ಷಿಧಾಮ ಆಯಿತು. ಹೋದ ಸಲ ದೋಣಿಯಲ್ಲಿ ಕೂತಾಗ ಮಗಳು ಬಂಡೆಯ ಮೇಲಿದ್ದ ಮೊಸಳೆ ತೋರಿಸಿ "ಅಂಕಲ್, ಇದು ನೈಲ್ ಮೊಸಳೆನಾ?" ಅಂತ ಕೇಳಿದ್ದಳು. ದೋಣಿಯವರು ಹುಟ್ಟು ಹಾಕುತ್ತಲೇ "ಕಾವೇರಿದು ಪುಟ್ಟಿ" ಅಂದಿದ್ದರು. ಆಗ ನಾವೆಲ್ಲಾ ನಕ್ಕಿದ್ದೆವು. ಈಗ ಯೋಚಿಸಿದರೆ ಅದೂ ಇದೇ ಕಪ್ಪೆಯ ಕಥೆ. ಬರೀ ಹೆಸರು ತಪ್ಪಿತ್ತು, ಹೆದರಿಕೆ ಇರಲಿಲ್ಲ, ಹಾಗಾಗಿ ನಕ್ಕು ಮರೆತೆವು.

ನಿನ್ನೆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪ, ನೀವು ಮದುವೆ ಹೆಣ್ಣು ಅಂದ್ರಲ್ಲ, ಅದು ಗಂಡು. ಗಂಡು ಕಪ್ಪೆ ಮಾತ್ರ ಹಾಗೆ ಹಳದಿ ಆಗೋದು. ಹೆಣ್ಣು ಮಣ್ಣಿನ ಬಣ್ಣದಲ್ಲೇ ಇರುತ್ತೆ."

ಆ ಕಡೆ ಸದ್ದಿಲ್ಲ. ಅವರಿಗೆ ಬೇಜಾರಾಯಿತೇನೋ ಅಂದುಕೊಂಡೆ. ಹಿಂದೆ ಕಪ್ಪೆಗಳ ಕೂಗು ಮಾತ್ರ ಕೇಳಿಸುತ್ತಿತ್ತು.

"ಗಂಡಾ?" ಅಂದರು ಕೊನೆಗೆ. "ಇರ್ಲಿ ಬಿಡು. ಮದುವೇಲಿ ಗಂಡಿಗೂ ಅರಿಶಿನ ಹಚ್ಚಲ್ವಾ?"

ಮಗಳು ಫೋನ್ ಕಿತ್ತುಕೊಂಡಳು. ನಾನು ಮೂರು ದಿನದಿಂದ ಅವಳಿಗೆ ಎಲ್ಲಾ ವಿವರಿಸಿದ್ದೆ. ಹಳದಿ ಯಾಕೆ, ವಿಷ ಎಲ್ಲಿಂದ, ಕೊಲಂಬಿಯಾ ಎಷ್ಟು ದೂರ ಅಂತ ಗ್ಲೋಬ್ ಕೂಡ ತಿರುಗಿಸಿ ತೋರಿಸಿದ್ದೆ. ಎಲ್ಲಾ ಅರ್ಥವಾಯಿತು ಅಂತ ತಲೆಯಾಡಿಸಿದ್ದಳು.

"ತಾತ, ಇನ್ನೂ ಹಳದಿ ಇದಾವಾ?"

"ಒಂದೆರಡು ಅವೆ ಕಣವ್ವ."

"ನಾಳೆ ಹಿಡಿದ್ರೆ ನಂಗೆ ವಿಡಿಯೋ ಕಾಲ್ ಮಾಡು." ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನನಗೆ ಕೇಳಿಸದ ಹಾಗೆ ಫೋನಿಗೆ ಕೈ ಅಡ್ಡ ಹಿಡಿದು, "ಸೋಪ್ ಪಕ್ಕದಲ್ಲೇ ಇಟ್ಕೋ" ಅಂದಳು.