ಮರಗಸಿ ಬಂತು, ಗೌರಿಗೆ ಹಬ್ಬ

ಸೋಮವಾರಪೇಟೆ ಕಡೆ ಕಾಫಿ ಹೂ ಅರಳಿಸುವ ಹೂಮಳೆ ಬಂದು ಹೋಯಿತು. ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಶುರು. ಹಾಲುವಾಣದ ಕೊಂಬೆ ಬಿದ್ದ ಸದ್ದಿಗೇ ಕೊಟ್ಟಿಗೆಯಲ್ಲಿ ನಮ್ಮ ಹಸು ಗೌರಿ ಕಿವಿ ನಿಮಿರಿಸುತ್ತಾಳೆ.

ಗದ್ದೆ ಬದುವಿನ ಹುಲ್ಲು ಒಣಗಿ ತಿಂಗಳಾಯಿತು. ಬರೀ ಒಣಹುಲ್ಲು ಹಾಕಿದರೆ ಅವಳು ಮುಖ ತಿರುಗಿಸುತ್ತಾಳೆ. ಹಿಂಡಿ ಮೂಟೆಯ ರೇಟು ಕೇಳಿದರೆ ನಾನು ತಿರುಗಿಸುತ್ತೇನೆ. ಅದಕ್ಕೇ ಈಗ ದಿನಾ ಒಂದು ಹೊರೆ ಸೊಪ್ಪು. ಒಣಹುಲ್ಲಿನಲ್ಲಿ ಪ್ರೋಟೀನ್ ತೀರಾ ಕಡಿಮೆ, ಹಾಲುವಾಣದ ಎಲೆಯಲ್ಲಿ ಜಾಸ್ತಿ. ಮುಳ್ಳಿನ ಕೊಂಬೆ ಬಿಟ್ಟು ಎಲೆ ಮಾತ್ರ ಬಿಡಿಸಿ ಹಾಕಬೇಕು, ಅಷ್ಟೇ ಕೆಲಸ.

ಹಲಸಿನ ಸೊಪ್ಪಾದರೆ ಕೇಳಲೇಬೇಡಿ. ನಾಲಿಗೆ ಸುತ್ತಿ ಎಳೆದು, ಕಣ್ಣು ಅರ್ಧ ಮುಚ್ಚಿ ಅಗಿಯುತ್ತಾಳೆ. ಬಾಯಂಚಿಗೆ ಅಂಟಿದ ಬಿಳಿ ಮೇಣವನ್ನು ಆಮೇಲೆ ನನ್ನ ಸೀರೆಗೇ ಒರೆಸುತ್ತಾಳೆ!

ಗ್ಲಿರಿಸಿಡಿಯಾ ಮರದ ಸೊಪ್ಪನ್ನು ಮಾತ್ರ ಮೂಸಿ ಬಿಟ್ಟಿದ್ದಳು. "ಒಂದು ರಾತ್ರಿ ಬಾಡಲಿ ಬಿಡು, ನಾಳೆ ಹಲಸಿನ ಜೊತೆ ಬೆರೆಸಿ ಹಾಕು" ಎಂದರು ಅತ್ತೆ. ಬೆಳಿಗ್ಗೆ ಬುಟ್ಟಿ ಖಾಲಿ. ಸುಬಾಬುಲ್ ಮರ ಇದ್ದವರು ಸ್ವಲ್ಪ ಹುಷಾರು. ಅದರ ಸೊಪ್ಪು ಮೇವಿನ ಮೂರನೇ ಒಂದು ಭಾಗ ದಾಟಿದರೆ ಹಸುವಿನ ಕೂದಲು ಉದುರುವುದುಂಟು.

ನಿನ್ನೆ ಸೊಪ್ಪು ಹೊರುವಾಗ ಸುಮ್ನೆ ಒಂದು ಯೋಚನೆ ಬಂತು. ಸುತ್ತಲಿನ ತೋಟಗಳಲ್ಲಿ ಹಾಲುವಾಣ ಹೋಗಿ ಸಿಲ್ವರ್ ಓಕ್ ಬರುತ್ತಿದೆ. ಮರಕ್ಕೆ ದುಡ್ಡು ಸಿಗುತ್ತದೆ, ತಪ್ಪೇನಿಲ್ಲ. ನಾವೂ ನಾಲ್ಕು ಸಾಲು ನೆಟ್ಟಿದ್ದೇವೆ. ಗೌರಿ ಮಾತ್ರ ಆ ಕಡೆ ತಿರುಗಿಯೂ ನೋಡುವುದಿಲ್ಲ.