ಬೀಡಿ ಸೇದುವವರಿಗೆ ಇನ್‌ಹೇಲರ್ ಏಕೆ ಕೈಕೊಡುತ್ತದೆ

‘ಈ ಪಂಪು ನನಗೆ ಹಿಡಿಸಲಿಲ್ಲ ಕಣೋ’ ಎಂದು ನನ್ನ ಸೋದರಮಾವ ಆಗಾಗ ಹೇಳುತ್ತಾರೆ. ಅವರ ಉಬ್ಬಸ ಹಳೆಯದು. ಬೀಡಿ ಅದಕ್ಕಿಂತಲೂ ಹಳೆಯದು. ಬೆಳಿಗ್ಗೆ ಎದ್ದು ರೋಟಾಹೇಲರಿಗೆ ಕ್ಯಾಪ್ಸೂಲ್ ಹಾಕಿ, ತಿರುಗಿಸಿ, ಪುಡಿಯನ್ನು ಎಳೆದುಕೊಂಡು, ಬಾಯಿ ಮುಕ್ಕಳಿಸಿ, ಕಾಫಿ ಕುಡಿದು, ಜಗಲಿಯ ಮೇಲೆ ಕುಳಿತು ಮೊದಲ ಬೀಡಿ ಹಚ್ಚುವುದು ಅವರ ದಿನಚರಿ. ಔಷಧಿಯನ್ನು ತಪ್ಪಿಸದ ಶಿಸ್ತಿನ ಮನುಷ್ಯರಾದ್ದರಿಂದ ದೋಷವೆಲ್ಲ ಔಷಧಿಯದೇ ಎಂದು ಅವರಿಗೆ ತೋರುವುದು ಸಹಜ. ವಿಶೇಷವೆಂದರೆ, ಅವರ ದೂರಿನಲ್ಲಿ ಅರ್ಧದಷ್ಟು ನಿಜವಿದೆ.

ಉಬ್ಬಸದಲ್ಲಿ ಶ್ವಾಸನಾಳದ ಒಳಪದರ ಊದಿಕೊಂಡು ದಾರಿ ಕಿರಿದಾಗುತ್ತದೆ. ದಿನವೂ ಎಳೆದುಕೊಳ್ಳುವ ಸ್ಟೀರಾಯ್ಡ್ ಆ ಊತವನ್ನು ತಗ್ಗಿಸಬೇಕು. ಸಾಮಾನ್ಯವಾಗಿ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳಿಂದಾದ ಊತ ಅದಕ್ಕೆ ಚೆನ್ನಾಗಿ ಬಗ್ಗುತ್ತದೆ. ಹೊಗೆ ಸೇದುವವರ ಶ್ವಾಸನಾಳದಲ್ಲಾದರೋ ನ್ಯೂಟ್ರೊಫಿಲ್‌ಗಳೇ ಹೆಚ್ಚಾಗುತ್ತವೆ, ಅವು ಸ್ಟೀರಾಯ್ಡಿಗೆ ಅಷ್ಟಾಗಿ ಜಗ್ಗುವುದಿಲ್ಲ. ಇದು ಸಾಲದೆಂಬಂತೆ, ಊತವನ್ನು ಎಬ್ಬಿಸುವ ಜೀನುಗಳನ್ನು ಸುಮ್ಮನಾಗಿಸಲು ಸ್ಟೀರಾಯ್ಡ್ ನೆಚ್ಚಿಕೊಂಡಿರುವ ಎಚ್‌ಡಿಎಸಿ-2 ಎಂಬ ಕಿಣ್ವವನ್ನೂ ಹೊಗೆಯ ರಾಸಾಯನಿಕಗಳು ದುರ್ಬಲಗೊಳಿಸುತ್ತವೆ. ಔಷಧಿ ತಲುಪಬೇಕಾದಲ್ಲಿಗೆ ತಲುಪಿದರೂ ಅಲ್ಲಿ ಅದರ ಕೈ ಕಟ್ಟಿಹಾಕಿದಂತಾಗುತ್ತದೆ. ಉಬ್ಬಸದ ಔಷಧಿಗಳ ಪ್ರಯೋಗಗಳಲ್ಲಿ ಹೊಗೆ ಸೇದುವವರನ್ನು ಬಹುಮಟ್ಟಿಗೆ ಹೊರಗಿಟ್ಟೇ ಪರೀಕ್ಷೆ ನಡೆಸಿರುವುದರಿಂದ, ಆ ಫಲಿತಾಂಶಗಳನ್ನು ಇವರಿಗೆ ಹಾಗೆಯೇ ಅನ್ವಯಿಸುವುದೂ ಕಷ್ಟ.

ಈ ಸ್ಥಿತಿ ಶಾಶ್ವತವೇ? ಗ್ಲಾಸ್ಗೋದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು. ಬಿಟ್ಟವರು ಮತ್ತು ಸೇದುತ್ತಲೇ ಇದ್ದವರ ನಡುವೆ, ಒಂದು ಸೆಕೆಂಡಿನಲ್ಲಿ ಊದಿ ಹೊರಹಾಕಬಲ್ಲ ಗಾಳಿಯ ಪ್ರಮಾಣದಲ್ಲಿ ಆರೇ ವಾರಗಳಲ್ಲಿ ಸರಾಸರಿ 400 ಮಿಲಿಲೀಟರಿನಷ್ಟು ಅಂತರ ಕಂಡುಬಂತು. ಅಧ್ಯಯನ ಚಿಕ್ಕದು, ನಿಜ. ಆದರೆ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುವವರಿಗೆ 400 ಮಿಲಿಲೀಟರ್ ಚಿಕ್ಕದಲ್ಲ.

ಸಿಗರೇಟಿಗಿಂತ ಬೀಡಿ ವಾಸಿ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ 7.7ರಷ್ಟು ಮಂದಿ ಬೀಡಿ ಸೇದುತ್ತಾರೆ, ಸಿಗರೇಟು ಸೇದುವವರು ಶೇ 4. ಬೀಡಿಯ ಎಲೆಯ ಮೂಲಕ ಗಾಳಿ ಸರಾಗವಾಗಿ ಆಡುವುದಿಲ್ಲವಾದ್ದರಿಂದ ಅದು ಬೇಗ ಆರುತ್ತದೆ. ಆರದಂತೆ ನೋಡಿಕೊಳ್ಳಲು ಮತ್ತೆ ಮತ್ತೆ, ಜೋರಾಗಿ ಎಳೆಯಬೇಕು. ತಂಬಾಕು ಕಡಿಮೆಯಿದ್ದರೂ ಎದೆಗಿಳಿಯುವ ಟಾರ್ ಮತ್ತು ಇಂಗಾಲದ ಮೊನಾಕ್ಸೈಡ್ ಸಿಗರೇಟಿನದಕ್ಕೇನೂ ಕಡಿಮೆಯಲ್ಲ.

ನೀಲಿ ಇನ್‌ಹೇಲರ್ ಮಾತ್ರ ನನ್ನ ಸೋದರಮಾವನಿಗೆ ಬಲು ಪ್ರೀತಿ, ಏಕೆಂದರೆ ಅದರ ಸಾಲ್ಬ್ಯುಟಮಾಲ್ ನಾಳದ ಸ್ನಾಯುಗಳನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಊತ ಅಲ್ಲಿಯೇ ಉಳಿದಿರುತ್ತದೆ. ಅದನ್ನೊಂದನ್ನೇ ನಂಬಿಕೊಂಡಿರುವುದು ಅಪಾಯಕಾರಿ ಎಂಬ ಕಾರಣಕ್ಕೆ ಅಂತರರಾಷ್ಟ್ರೀಯ ಉಬ್ಬಸ ಮಾರ್ಗಸೂಚಿಯು 2019ರಿಂದ ಆ ಪದ್ಧತಿಯನ್ನೇ ಕೈಬಿಟ್ಟಿದೆ.

ಬಿಡಬೇಕೆನ್ನುವವರಿಗೆ 1800-11-2356 ಸಂಖ್ಯೆಯ ಉಚಿತ ಸಹಾಯವಾಣಿಯಿದೆ. ಬೀಡಿಯ ಕಟ್ಟಿನ ಮೇಲೆಯೇ ಅದು ಅಚ್ಚಾಗಿರುತ್ತದೆ. ವೈದ್ಯರನ್ನು ಕೇಳಿ ನಿಕೋಟಿನ್ ಚೂಯಿಂಗ್ ಗಮ್ ಬಳಸಬಹುದು. ಬಿಟ್ಟ ಹೊಸತರಲ್ಲಿ ಕೆಲವರಿಗೆ ಕೆಮ್ಮು, ಕಫ ಹೆಚ್ಚಾಗುವುದುಂಟು. ‘ಬಿಟ್ಟಿದ್ದಕ್ಕೇ ಹೀಗಾಯಿತು’ ಎಂದು ಮತ್ತೆ ಹಚ್ಚುವವರೂ ಇದ್ದಾರೆ. ಉಬ್ಬಸಕ್ಕೆ ಥಿಯೋಫಿಲಿನ್ ಮಾತ್ರೆ ನುಂಗುತ್ತಿರುವವರು ಇನ್ನೊಂದು ಎಚ್ಚರ ವಹಿಸಬೇಕು. ಹೊಗೆಯು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಆ ಔಷಧಿಯನ್ನು ಬೇಗ ಕರಗಿಸಿಬಿಡುತ್ತದೆ. ಸೇದುವುದು ನಿಂತೊಡನೆ ಅದೇ ಪ್ರಮಾಣದ ಮಾತ್ರೆಯಿಂದ ರಕ್ತದಲ್ಲಿ ಔಷಧಿಯ ಮಟ್ಟ ಏರಿ, ಓಕರಿಕೆ, ಕೈನಡುಕ, ಎದೆಬಡಿತ ಕಾಣಿಸಿಕೊಳ್ಳಬಹುದು. ಆದ್ದರಿಂದ ಬೀಡಿ ಬಿಟ್ಟ ಸುದ್ದಿಯನ್ನು ಮನೆಯವರಿಗೆ ಹೇಳುವ ದಿನವೇ ವೈದ್ಯರಿಗೂ ಹೇಳಿ, ಮಾತ್ರೆಯ ಪ್ರಮಾಣವನ್ನು ಮರುಪರಿಶೀಲಿಸಿಕೊಳ್ಳುವುದು ಒಳಿತು.